ಪೆಟ್ಟು ಸಣ್ಣದು, ನೋವು ಆರದು

ಬಳ್ಳಾರಿ ಕಡೆಯ ವಡ್ಡು, ತೋರಣಗಲ್ಲುಗಳ ಸೀಮೆಯಲ್ಲಿ ಉಕ್ಕಿನ ಕಾರ್ಖಾನೆಗೋ ಅದಿರಿನ ಲಾರಿಗೋ ಹೊಲಕ್ಕೋ ದುಡಿಯಲು ಹೋಗುವ ಗಂಡಸು, ಕೈಕಾಲಿಗಾದ ಗಾಯವನ್ನು ನಾಲ್ವರಿಗೆ ತೋರಿಸುವನಾದರೂ, ತರಡಿಗೆ ತಗುಲಿದ ಪೆಟ್ಟನ್ನು ಮಾತ್ರ ಹೆಂಡತಿಗೂ ಹೇಳದೆ ಹಲ್ಲುಕಚ್ಚಿ ನುಂಗಿಕೊಳ್ಳುವನು. ಈ ಸಂಕೋಚವು ಪೆಟ್ಟಿಗಿಂತ ಹೆಚ್ಚು ಅನರ್ಥಕಾರಿಯೆಂಬುದು ನನ್ನ ದೃಢವಾದ ಅಭಿಪ್ರಾಯ.

ವೃಷಣಗಳು ಭ್ರೂಣಾವಸ್ಥೆಯಲ್ಲಿ ಉದರದೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ ಹುಟ್ಟಿ, ತಮ್ಮ ರಕ್ತನಾಳಗಳನ್ನೂ ನರಗಳನ್ನೂ ಎಳೆದುಕೊಂಡೇ ಕೆಳಗಿಳಿದು ಚೀಲವನ್ನು ಸೇರತಕ್ಕವು. ಆದಕಾರಣವೇ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ತೊಡೆಸಂದು ಬಡಿದೊಡನೆ ಹೊಟ್ಟೆ ಕಿವುಚಿ ಓಕರಿಕೆ ಬರುವುದು. ಸಾಮಾನ್ಯವಾದ ಪೆಟ್ಟಿನ ಉಗ್ರತೆ ಒಂದು ತಾಸಿನೊಳಗೆ ಇಳಿಯತೊಡಗಿ, ಉಳಿದ ಮಂದವಾದ ನೋವು ದಿನೇ ದಿನೇ ಕುಗ್ಗಬೇಕು. ಅದಕ್ಕೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಗರಡಿಯವರ ಲಂಗೋಟಿಯಂಥ ಆಧಾರ, ಇವು ಸಾಕು; ಎಣ್ಣೆ ಹಚ್ಚಿ ನೀವುವುದಂತೂ ಬೇಡ.

ತಾಸು ಕಳೆದರೂ ನೋವು ತಗ್ಗದೆ, ಊತವೋ ವಾಂತಿಯೋ ಮೂತ್ರದಲ್ಲಿ ರಕ್ತವೋ ಕಂಡರೆ, ಅಥವಾ ಒಂದು ವೃಷಣ ಮೇಲೇರಿ ಅಡ್ಡಲಾಗಿ ನಿಂತಿದ್ದರೆ, ಆಗ ಕಾಯುವುದು ಸಲ್ಲದು. ಒಳಗೆ ರಕ್ತ ಮಡುಗಟ್ಟಿರಬಹುದು, ವೃಷಣದ ಹೊದಿಕೆ ಹರಿದಿರಬಹುದು. ಎಲ್ಲಕ್ಕಿಂತ ಭೀಕರವಾದದ್ದು, ವೃಷಣವನ್ನು ತೂಗುಹಾಕಿರುವ ನಾಳಗಳ ಹುರಿಯೇ ತಿರುಚಿಕೊಂಡು, ಕಾಲುವೆಯ ತೂಬು ಮುಚ್ಚಿದಂತೆ ರಕ್ತಸಂಚಾರ ನಿಂತುಹೋಗುವುದು. ಪ್ರಾಯಕ್ಕೆ ಬರುತ್ತಿರುವ ಹುಡುಗರಲ್ಲಿ ಇದು ಹೆಚ್ಚು. ಚಿಕ್ಕ ಪೆಟ್ಟೂ ನೆಪವಾಗಬಲ್ಲುದು, ನಿದ್ರೆಯಲ್ಲಿಯೂ ಸಂಭವಿಸೀತು. 6 ತಾಸಿನೊಳಗೆ ಶಸ್ತ್ರಚಿಕಿತ್ಸೆಯಿಂದ ಹುರಿಯನ್ನು ಬಿಡಿಸಿದರೆ ವೃಷಣ ಬಹುಮಟ್ಟಿಗೆ ಉಳಿಯುವುದು. 24 ತಾಸು ಕಳೆದಮೇಲೆ ಉಳಿಯುವುದು ವಿರಳ.

ವಾರಗಟ್ಟಲೆ ಎಳೆಯುವ ನೋವಿನ ಬಗೆ ಬೇರೆ. ವೃಷಣದ ಹಿಂಬದಿಯ ನಾಳದ ಸೋಂಕು, ಹರ್ನಿಯಾ, ಮೂತ್ರಪಿಂಡದ ಕಲ್ಲು, ಇವು ಯಾವುದಾದರೂ ಪೆಟ್ಟಿನ ಹೆಸರಿನಲ್ಲಿ ಅಡಗಿರಬಹುದು. ಅಪರೂಪವಾಗಿ, ಮೊದಲೇ ಬೆಳೆಯುತ್ತಿದ್ದ ಗಂಟೊಂದು ಪೆಟ್ಟು ಬಿದ್ದು ಮುಟ್ಟಿ ನೋಡಿದಾಗಲೇ ಗೊತ್ತಾಗುವುದುಂಟು. ಪೆಟ್ಟು ಅದನ್ನು ಹುಟ್ಟಿಸಿದ್ದಲ್ಲ, ಬಯಲಿಗೆ ತಂದದ್ದು. ಅಂಥ ಗಂಟು ಅರ್ಬುದವಾಗಿರಬಹುದು. ವೃಷಣದ ಅರ್ಬುದ 15ರಿಂದ 35ರ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವ ರೋಗ, ಬೇಗ ತಿಳಿದರೆ ಬಹುತೇಕ ಗುಣವಾಗುವ ರೋಗ. ರಕ್ತಸಂಚಾರವನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್ ಇವುಗಳಲ್ಲಿ ಅನೇಕವನ್ನು ನೋವಿಲ್ಲದೆ ಬೇರ್ಪಡಿಸಿ ಹೇಳುತ್ತದೆ.

ತೋರಣಗಲ್ಲು, ಸಂಡೂರು, ಹೊಸಪೇಟೆಗಳಲ್ಲಿ ಆಸ್ಪತ್ರೆಗಳಿವೆ. ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ಹುಡುಗರು ನಾಚಿ ಬರಿಯ ಹೊಟ್ಟೆನೋವೆಂದು ಹೇಳುವುದುಂಟು. ಮಗನು ಹಾಗೆಂದು ನರಳಿದರೆ, ತಂದೆಯಾದವರು ಅವನನ್ನು ಮರೆಗೆ ಕರೆದು ಕೆಳಗೂ ನೋವಿದೆಯೇ ಎಂದು ಕೇಳಿರಿ. ಇದೆಯೆಂದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಕರೆದೊಯ್ಯಿರಿ.