ಎಳೇ ನಾಯಿಯ ಟೊಂಕನೋವು: ಕಾರಣ ಸಿಕ್ಕಿದ್ದು ಗಂಗಾಳದಲ್ಲಿ

ಎತ್ತು ಕುಂಟಿದರೆ ನಮ್ಮ ರೈತರು ಕೂಡಲೇ ಕಾಲು ಎತ್ತಿ ನೋಡುತ್ತಾರೆ. ಲಾಳ ಸಡಿಲಾಗಿದೆಯೋ, ಗೊರಸಿನಲ್ಲಿ ಮುಳ್ಳು ಕೂತಿದೆಯೋ, ಹೆಗಲಿನಿಂದ ಬಂದ ನೋವೋ ಎಂದು ಹುಡುಕುತ್ತಾರೆ. ಅದೇ ನಾಯಿ ಕುಂಟಿದರೆ "ಯಾರೋ ಕಲ್ಲ ಒಗದಾರ, ತಾನs ಹೋಗತೈತಿ" ಎಂದು ಸುಮ್ಮನಾಗುವವರೇ ಹೆಚ್ಚು. ಹೊಲ ಕಾಯುವ ನಾಯಿಯೂ ನಮ್ಮ ಒಕ್ಕಲುತನದ ಒಂದು ಭಾಗ. ಎಳೇ ನಾಯಿಯೊಂದರ ಟೊಂಕನೋವಿನ ಕಾರಣ ಹುಡುಕಿದ ಈ ವಿಷಯ ನಾಲ್ಕು ಜನರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾಯಿ ನನ್ನದಲ್ಲ, ನನ್ನ ಅಕ್ಕನ ಮಗನದು. ಅವನದು ರಾಯಬಾಗ ತಾಲೂಕಿನ ಕುಡಚಿ ಕಡೆ ಹಳ್ಳಿ. ಕಬ್ಬು, ಗೋವಿನಜೋಳದ ಬೆಳೆ, ಹಂದಿ ಕಾಟ ಬಹಳ. 2023ರ ಶ್ರಾವಣದಲ್ಲಿ ಎರಡು ತಿಂಗಳ ಮುಧೋಳ ತಳಿಯ ಹೆಣ್ಣು ಮರಿ ತಂದ. ಮುಂದೆ ಮರಿ ಹಾಕಿಸಿ ಮಾರುವ ವಿಚಾರವೂ ಇತ್ತು. ಸಂಕ್ರಾಂತಿ ಹೊತ್ತಿಗೆ ಅದಕ್ಕೆ ಏಳು ತಿಂಗಳು. ಕಾಲು ಉದ್ದ, ಮೈ ತೆಳು, ನೋಡಲು ಚೆಂದ. ಆದರೆ ಮಲಗಿದ್ದು ಏಳುವಾಗ ಕುಂಯ್ಗುಡುತ್ತಿತ್ತು. ಓಡುವಾಗ ಹಿಂದಿನ ಎರಡೂ ಕಾಲು ಕೂಡಿಸಿ ಮೊಲದಂಗ ಜಿಗಿಯುತ್ತಿತ್ತು. ಟೊಂಕ ಮುಟ್ಟಿದರೆ ಹಲ್ಲು ತೋರಿಸುತ್ತಿತ್ತು. ಗಾಯವಿಲ್ಲ, ಬಾವಿಲ್ಲ.

ಊರಲ್ಲಿ ಎಲ್ಲರೂ ಡಾಕ್ಟರೇ. ಒಬ್ಬರು ಉಳುಕು ಅಂದರು. ಇನ್ನೊಬ್ಬರು ವಾಯು ಅಂದರು. ಔಷಧ ಅಂಗಡಿಯೊಂದರಲ್ಲಿ ಮನುಷ್ಯರ ನೋವಿನ ಗುಳಿಗೆ ಕೊಟ್ಟರು. ಮೂರನೇ ದಿನ ನಾಯಿ ಕರ್ರಗೆ ವಾಂತಿ ಮಾಡಿತು. ಕೊನೆಗೆ ಟೊಂಕಕ್ಕೆ ಬರಿ ಹಾಕಿಸುವುದೆಂದು ಗೊತ್ತಾಯಿತು. ಅಷ್ಟರಲ್ಲಿ ನಾನು ತೆಲಸಂಗ ಕಡೆಯಿಂದ ಅಕ್ಕನನ್ನು ಮಾತಾಡಿಸಲು ಹೋಗಿದ್ದೆ.

"ಮಾವಾ, ಬರಿ ಹಾಕಿದ್ರ ಕಡಿಮಿ ಆಗತೈತಂತ" ಅಂದ ಹುಡುಗ.

"ಎಲ್ಲಿ ನೋವೈತಿ ಅನ್ನೋದ ಗೊತ್ತಿಲ್ಲ, ಎಲ್ಲಿ ಸುಡತೀಯೋ? ಮೊದಲ ದನದ ಡಾಕ್ಟರಿಗೆ ತೋರಸು" ಅಂದೆ. ಇಬ್ಬರೂ ಕೂಡಿ ಕರಕೊಂಡು ಹೋದೆವು.

ಕೆಳಗಿನಿಂದ ಮೇಲಕ್ಕೆ

ಡಾಕ್ಟರು ಮೊದಲು ನಾಯಿಯನ್ನು ಮುಟ್ಟಲೇ ಇಲ್ಲ. ಸಡಿಲ ಹಗ್ಗದಲ್ಲಿ ನಡೆಸಿ, ಹಿಂದಿನಿಂದಲೂ ಮಗ್ಗಲಿನಿಂದಲೂ ನೋಡಿದರು. "ಕಾಕಾರ, ನೋವು ಕಾಣೋದು ಒಂದ ಕಡೆ, ಇರೋದು ಇನ್ನೊಂದ ಕಡೆ. ಬೆರಳಿನಿಂದ ಸುರು ಮಾಡಿ ಮ್ಯಾಲಕ ಹುಡಕಬೇಕು" ಅಂದರು.

ಅಂಗಾಲಿನ ಸಂದು, ಉಗುರು ನೋಡಿದರು. ಜಾಲಿಮುಳ್ಳು ಇರಲಿಲ್ಲ. ಮೊಣಕಾಲ ಚಿಪ್ಪು ಜಾರುತ್ತಿರಲಿಲ್ಲ. ಪಾದವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ನಾಯಿ ತಟ್ಟನೆ ಸರಿಯಾಗಿ ಊರಿತು. ಅಂದರೆ ಬೆನ್ನುಹುರಿಯ ನರಕ್ಕೆ ಪೆಟ್ಟಾದ ಗುರುತಿಲ್ಲ. ಉಣ್ಣಿಯಿಂದ ಬರುವ ಜ್ವರದಲ್ಲೂ ಕೀಲುನೋವು ಇರುತ್ತದೆ. ಅದಕ್ಕೆ ಜ್ವರ ನೋಡಿ, ವಸಡಿನ ಬಣ್ಣ ನೋಡಿ, ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ತೊಡೆ ಎಲುಬು ಮೆಲ್ಲಗೆ ಒತ್ತಿದಾಗ ಮಾತ್ರ ಚೀರಿತು. ಟೊಂಕ ಒತ್ತಿದರೂ ಅಷ್ಟೇ.

ಎಳೇ ನಾಯಿಗೆ ಬರುವ ಬೇರೆ ರೋಗಗಳನ್ನೂ ತಿಳಿಸಿ ಹೇಳಿದರು. ಮೊದಲನೆಯದು, ತೊಡೆ ಎಲುಬಿನ ಗುಂಡು ಚಪ್ಪೆಯ ಗೂಡಿನಲ್ಲಿ ಸರಿಯಾಗಿ ಕೂಡದಿರುವ ಹಿಪ್ ಡಿಸ್‌ಪ್ಲೇಸಿಯಾ. ಇದನ್ನು ನಾಯಿಗಳಲ್ಲಿ 1935ರಲ್ಲಿ ಅಮೆರಿಕದ ಷ್ನೆಲ್ ಎಂಬ ಪಶುವೈದ್ಯರು ಗುರುತಿಸಿದರು. ಜರ್ಮನ್ ಷೆಫರ್ಡ್, ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಬಹಳ, ಗ್ರೇಹೌಂಡ್‌ನಂಥ ತೆಳುಮೈಯ ಓಟದ ನಾಯಿಗಳಲ್ಲಿ ಅಪರೂಪ. ಎರಡನೆಯದು, ರಕ್ತ ಪೂರೈಕೆ ಕಡಿಮೆಯಾಗಿ ತೊಡೆ ಎಲುಬಿನ ಗುಂಡು ಸಾಯುವ ಪರ್ಥಿಸ್ ರೋಗ. ಅದು ಹೆಚ್ಚಾಗಿ ಸಣ್ಣ ಜಾತಿಯ ನಾಯಿಗಳಿಗೆ. ಮೂರನೆಯದು ಪ್ಯಾನೋಸ್ಟೈಟಿಸ್. ಬೆಳೆಯುವ ದೊಡ್ಡ ನಾಯಿಗಳ ಉದ್ದ ಎಲುಬಿನಲ್ಲಿ ನೋವು ಬಂದು ಇವತ್ತು ಈ ಕಾಲು, ನಾಳೆ ಆ ಕಾಲು ಎಂದು ಸರಿದಾಡುತ್ತದೆ. "ಬರೇ ಕೈಲೆ ಮುಟ್ಟಿ ಇವನ್ನೆಲ್ಲಾ ಬ್ಯಾರೆ ಮಾಡಾಕ ಆಗೂದಿಲ್ಲ. ಕ್ಷ-ಕಿರಣ ಬೇಕs ಬೇಕು" ಅಂದರು.

ಉಗಾರ, ಶೇಡಬಾಳ, ಕಾಗವಾಡ ದಾಟಿ ಮಿರಜಕ್ಕೆ ಹೋದೆವು. ಅಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟು, ಅಂಗಾತ ಮಲಗಿಸಿ, ಹಿಂಗಾಲು ನೀಟಾಗಿ ಇಟ್ಟು ಫೋಟೋ ತೆಗೆದರು.

ಕಾಗದದಂಥ ಎಲುಬು

ಫೋಟೋ ಬೆಳಕಿಗೆ ಹಿಡಿದಾಗ ನನಗೂ ಫರಕು ತಿಳಿಯಿತು. ಎಲುಬು ಬೆಳ್ಳಗೆ ಎದ್ದು ಕಾಣಬೇಕು. ಇಲ್ಲಿ ಎಲುಬಿಗೂ ಸುತ್ತಲಿನ ಖಂಡಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಹೊರಗಿನ ಗಟ್ಟಿ ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು. ಚಪ್ಪೆಯ ಎಲುಬು ಎಡಮಗ್ಗಲಿಗೆ ಒಳಕ್ಕೆ ಬಾಗಿತ್ತು, ಅಲ್ಲೇ ಹಸಿ ಕಡ್ಡಿ ಬಾಗಿಸಿದಾಗ ಬೀಳುವಂಥ ಸೀಳು. ಕೀಲಿನ ಗೂಡು ಮಾತ್ರ ಸರಿಯಾಗಿತ್ತು.

"ಇದಕ್ಕ ಏನ್ ತಿನ್ನಸ್ತೀರಿ?" ಎಂದು ಕೇಳಿದರು.

ಹುಡುಗ ಹೇಳಿದ: ಗೋವಿನಜೋಳದ ರೊಟ್ಟಿ, ಒಮ್ಮೊಮ್ಮೆ ಬಿಳಿಜೋಳದ್ದು. ವಾರಕ್ಕೆ ಎರಡು ಸಲ ಎಲುಬಿಲ್ಲದ ಖಂಡ, ಕಾರ್ಜ. ಹಾಲು ಇಲ್ಲ. ಆ ವರ್ಷ ಮಳೆ ಕೈಕೊಟ್ಟು ಮೇವು ತುಟ್ಟಿಯಾಗಿತ್ತು. ಎಮ್ಮೆ ಹಿಂಡಿದ ಅಷ್ಟಿಷ್ಟು ಹಾಲು ಡೇರಿಗೆ ಹೋಗುತ್ತಿತ್ತು. ನಾಯಿಯ ಹೊಟ್ಟೆ ತುಂಬುತ್ತಿತ್ತು, ಎಲುಬು ತುಂಬುತ್ತಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕ ತೋರಿಸಿ ಡಾಕ್ಟರು ಲೆಕ್ಕ ಹೇಳಿದರು. ನೂರು ಗ್ರಾಂನಲ್ಲಿ ಇರುವ ಪ್ರಮಾಣ, ಮಿಲಿಗ್ರಾಂ ಲೆಕ್ಕದಲ್ಲಿ:

ಗೋವಿನಜೋಳ: ಸುಣ್ಣ 10, ರಂಜಕ 348
ಬಿಳಿಜೋಳ: ಸುಣ್ಣ 25, ರಂಜಕ 222
ಸಜ್ಜೆ: ಸುಣ್ಣ 42, ರಂಜಕ 296
ಆಕಳ ಹಾಲು: ಸುಣ್ಣ 120, ರಂಜಕ 90
ಎಮ್ಮೆ ಹಾಲು: ಸುಣ್ಣ 210, ರಂಜಕ 130

ಬೆಳೆಯುವ ಮರಿಗೆ ರಂಜಕಕ್ಕಿಂತ ಸುಣ್ಣದ ಅಂಶ ತುಸು ಹೆಚ್ಚೇ ಬೇಕು. ಬಿಳಿಜೋಳದಲ್ಲಿ ರಂಜಕವೇ ಸುಮಾರು ಒಂಬತ್ತು ಪಟ್ಟು, ಗೋವಿನಜೋಳದಲ್ಲಿ ಮೂವತ್ನಾಲ್ಕು ಪಟ್ಟಿಗೂ ಹೆಚ್ಚು. ಮೇಲಾಗಿ ಕಾಳಿನಲ್ಲಿರುವ ಫೈಟೇಟ್ ಇದ್ದಷ್ಟು ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಎಲುಬಿಲ್ಲದ ಖಂಡ, ಕಾರ್ಜದಲ್ಲೂ ಸುಣ್ಣ ಬಹಳ ಕಡಿಮೆ, ರಂಜಕ ಹೆಚ್ಚು.

ರಕ್ತದಲ್ಲಿ ಸುಣ್ಣದ ಅಂಶ ಕಡಿಮೆಯಾದರೆ ಗುಂಡಿಗೆ, ನರ ನಡೆಯುವುದಿಲ್ಲ. ಆದ್ದರಿಂದ ಗಂಟಲ ಹತ್ತಿರದ ಪ್ಯಾರಾಥೈರಾಯಿಡ್ ಎಂಬ ಸಣ್ಣ ಗ್ರಂಥಿಗಳು ರಸ ಬಿಟ್ಟು ಎಲುಬಿನಿಂದ ಸುಣ್ಣ ಎಳೆಯುತ್ತವೆ. ಬರಗಾಲದಲ್ಲಿ ಹಗೇವಿನಿಂದ ದಿನಾ ಜೋಳ ತೆಗೆದಂಗ. ಮನೆಯಲ್ಲಿ ರೊಟ್ಟಿ ನಿಲ್ಲುವುದಿಲ್ಲ, ಹಗೇವು ಬರಿದಾಗುತ್ತದೆ. ಅದಕ್ಕೇ ಈ ರೋಗದಲ್ಲಿ ರಕ್ತದ ಪರೀಕ್ಷೆಯಲ್ಲಿ ಸುಣ್ಣ ಬಹಳ ಸಲ ಸರಿಯಾಗಿಯೇ ಬರುತ್ತದೆ. ಫೋಟೋ ತೆಗೆಯದಿದ್ದರೆ ಮೋಸ ಹೋಗುತ್ತೇವೆ.

ಬಿಸಿಲಿಗೆ ಕಟ್ಟಿದರೆ ಎಲುಬು ಗಟ್ಟಿಯಾಗುತ್ತದೆ ಎಂಬ ಮಾತೂ ನಾಯಿಗೆ ನಡೆಯುವುದಿಲ್ಲ. ಮನುಷ್ಯರ ಚರ್ಮ ಬಿಸಿಲಿನಿಂದ ಡಿ ಜೀವಸತ್ವ ಮಾಡಿಕೊಳ್ಳುತ್ತದೆ. ನಾಯಿಯ ಚರ್ಮಕ್ಕೆ ಬೇಕಾದಷ್ಟು ಮಾಡುವ ಶಕ್ತಿ ಇಲ್ಲ. ಅದು ಆಹಾರದಿಂದಲೇ ಸಿಗಬೇಕು. ತತ್ತಿಯ ಹಳದಿ, ಮೀನು ಇದಕ್ಕೆ ಬರುತ್ತವೆ.

ಉಪಚಾರ

ಆರು ವಾರ ಸಣ್ಣ ಕೋಣೆಯಲ್ಲಿ ಮೆತ್ತನ್ನ ತಟ್ಟಿನ ಮೇಲೆ ಇಡಬೇಕು, ಜಿಗಿಯಲು ಬಿಡಬಾರದು ಎಂದರು. ನೋವಿನ ಔಷಧ ಅವರೇ ಅಳೆದು ಕೆಲವೇ ದಿನ ಕೊಟ್ಟರು. ನೋವು ಪೂರ್ತಿ ಹೋದರೆ ನಾಯಿ ಓಡುತ್ತದೆ, ಓಡಿದರೆ ತೆಳು ಎಲುಬು ಮುರಿಯುತ್ತದೆ. ಮರಿಗಳಿಗೆಂದೇ ತಯಾರಾದ ಆಹಾರ ಸುರು ಮಾಡಿ, ಜೊತೆಗೆ ಹಾಲು, ಬೇಯಿಸಿದ ತತ್ತಿ, ತೂಕಕ್ಕೆ ತಕ್ಕಂತೆ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿ ಬರೆದುಕೊಟ್ಟರು.

"ಹೆಚ್ಚ ಕೊಟ್ರ ಲಗೂ ಆರಾಮ ಆಗತೈತೇನ್ರಿ ಸಾಹೇಬ್ರ?" ಎಂದು ಹುಡುಗ ಕೇಳಿದ. "ಹೆಚ್ಚಾದ್ರೂ ಎಲುಬು ಕೆಡತೈತಿ" ಅಂದರು. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ತಿನ್ನಿಸಿ, ಎಲುಬಿನ ಬೆಳವಣಿಗೆ ತಪ್ಪುವುದನ್ನು ತೋರಿಸಿದ್ದಾರೆ. ಡಿ ಜೀವಸತ್ವದ ಇಂಜೆಕ್ಷನ್ನನ್ನೂ ಮನಸ್ಸಿಗೆ ಬಂದಂತೆ ಹಾಕಿಸಬಾರದು.

ಮೂರನೇ ವಾರಕ್ಕೆ ನಾಯಿ ಕುಂಯ್ಗುಡದೆ ಎದ್ದಿತು. ಎರಡು ತಿಂಗಳಿಗೆ ಮತ್ತೆ ಫೋಟೋ ತೆಗೆಸಿದಾಗ ಎಲುಬು ಬೆಳ್ಳಗೆ ತುಂಬಿತ್ತು. ಆದರೆ ಬಾಗಿದ ಚಪ್ಪೆ ಬಾಗಿದ್ದೇ. ಒಳಗಿನ ದಾರಿ ಇಕ್ಕಟ್ಟಾದ್ದರಿಂದ ಗಬ್ಬ ಕಟ್ಟಿಸಿದರೆ ಈಯುವಾಗ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದರು. ಸಂತಾನಹರಣ ಮಾಡಿಸಿದರು. ಮರಿ ಮಾರುವ ಆಸೆ ಅಲ್ಲಿಗೆ ಮುಗಿಯಿತು. ಹೊಲ ಕಾಯುವ ಕೆಲಸ ಚೆನ್ನಾಗಿ ಮಾಡುತ್ತಿದೆ.

ಕುರುಬರ ಹಟ್ಟಿಯಲ್ಲಿ

ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಹೆಸರು ಬಂದ ಮೇಲೆ ಎಲ್ಲರಿಗೂ ಈ ನಾಯಿ ಬೇಕು. ನಮ್ಮ ಕಡೆ ಕುರುಬರ ಹಿಂಡಿನಲ್ಲಿ ಬೆಳೆದ ಇಂಥ ನಾಯಿಗಳನ್ನು ನಾನು ಸಣ್ಣಂದಿನಿಂದ ನೋಡಿದ್ದೇನೆ. ಅವುಗಳಿಗೂ ರೊಟ್ಟಿಯೇ. ಆದರೆ ಮರಿ ಇದ್ದಾಗ ಆಡಿನ ಹಾಲು ಸಿಗುತ್ತದೆ, ಸತ್ತ ಕುರಿಯ ಹಸಿ ಎಲುಬು ಸಿಗುತ್ತದೆ. ನಾಯಿ ಹಟ್ಟಿಯಿಂದ ಮನೆಗೆ ಬಂತು, ಅದರ ಸಂಗಡ ಹಾಲು, ಎಲುಬು ಬರಲಿಲ್ಲ.

ನಿಮ್ಮ ಮನೆಯ ಮರಿ ಕುಂಟಿದರೆ ಡಾಕ್ಟರ ಕಡೆ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿರಿ. ಕುಂಟು ಒಮ್ಮೆಲೇ ಬಂತೋ, ಮೆಲ್ಲಗೆ ಬಂತೋ? ಒಂದೇ ಕಾಲೋ, ಬದಲಾಗುತ್ತದೋ? ಎದ್ದ ಕೂಡಲೇ ಹೆಚ್ಚೋ, ಓಡಿದ ಮೇಲೆ ಹೆಚ್ಚೋ? ಜ್ವರ, ಉಣ್ಣಿ ಇವೆಯೋ? ಹುಟ್ಟಿದಂದಿನಿಂದ ಏನು ತಿಂದಿದೆ? ಮನುಷ್ಯರ ನೋವಿನ ಗುಳಿಗೆ ಹಾಕಬೇಡಿರಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥವು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಬರಿಯಂತೂ ಬೇಡವೇ ಬೇಡ. ಮರಿ ತರುವ ಮೊದಲು, ಒಂದು ವರ್ಷ ಅದಕ್ಕೆ ದಿನಾ ಒಂದಿಷ್ಟು ಹಾಲು ಎತ್ತಿಡಲು ಆಗುತ್ತದೋ ಎಂದು ಲೆಕ್ಕ ಹಾಕಿರಿ. ಡೇರಿಗೆ ಹಾಕುವ ಹಾಲಿನಲ್ಲಿ ಅಷ್ಟು ಉಳಿಸಿದರೆ ಮಿರಜದ ದಾರಿ ತಪ್ಪುತ್ತದೆ.