ಗಡಿ ದಾಟುತ್ತಿದ್ದ ಪ್ರಯಾಣಿಕರ ಗಾಡಿ: ಕ್ಯಾಸಲ್ ರಾಕ್ ಮಾರ್ಗದ ಲೆಕ್ಕಾಚಾರ

ಘಟಪ್ರಭಾ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಡುವ ರೈಲು ಮಾರ್ಗವು ಬೆಳಗಾವಿ, ಖಾನಾಪುರಗಳನ್ನು ದಾಟಿ ಲೋಂಡಾದಲ್ಲಿ ಕವಲೊಡೆಯುತ್ತದೆ. ಪಶ್ಚಿಮದ ಕವಲು ಕ್ಯಾಸಲ್ ರಾಕ್ ಮೂಲಕ ಘಟ್ಟವಿಳಿದು ಗೋವೆಯ ಮರ್ಮಗೋವಾ ಬಂದರವನ್ನು ಸೇರುತ್ತದೆ. ನಾಗನೂರ, ಗೋಕಾಕ, ಹುಕ್ಕೇರಿ ಭಾಗದ ವರ್ತಕರಿಗೆ ಇಂದು ಇದು ನೆರೆರಾಜ್ಯಕ್ಕೆ ಹೋಗುವ ದಾರಿ ಮಾತ್ರ. ಆದರೆ 1888ರಿಂದ 1955ರವರೆಗೆ ಈ ಹಳಿಗಳ ಮೇಲೆ ಪ್ರಯಾಣಿಕರ ಗಾಡಿಗಳು ಅಂತರರಾಷ್ಟ್ರೀಯ ಗಡಿಯನ್ನು ದಾಟುತ್ತಿದ್ದವು ಎಂಬುದು ನಮ್ಮಲ್ಲಿ ಅನೇಕರಿಗೆ ಮರೆತುಹೋಗಿದೆ. ಗಡಿಯಾಚೆಗೆ ರೈಲು ಓಡಿಸುವ ಮಾತು ಬಂದಾಗಲೆಲ್ಲ ಹಳಿ, ಸೇತುವೆ, ಸುರಂಗಗಳ ವೆಚ್ಚವೇ ಚರ್ಚೆಗೆ ಬರುತ್ತದೆ. ಈ ಮಾರ್ಗದಲ್ಲಾದರೋ ಘಟ್ಟವನ್ನು ಇಂಜಿನಿಯರರು ಕೆಲವೇ ವರ್ಷಗಳಲ್ಲಿ ಗೆದ್ದರು; ಸುಂಕದ ಕಟ್ಟೆಯ ಪ್ರಶ್ನೆ ಏಳು ದಶಕ ಉಳಿಯಿತು.

1878ರ ಡಿಸೆಂಬರ್ ತಿಂಗಳಲ್ಲಿ ಬ್ರಿಟನ್ ಮತ್ತು ಪೋರ್ತುಗಾಲ್ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಂತೆ ಬ್ರಿಟಿಷ್ ಭಾರತ ಹಾಗೂ ಗೋವೆಯ ನಡುವಿನ ಸುಂಕದ ಗಡಿ ರದ್ದಾಗಿ ಎರಡೂ ಕಡೆ ಒಂದೇ ಸುಂಕ ಪದ್ಧತಿ ಜಾರಿಗೆ ಬರಬೇಕಿತ್ತು. ಗೋವೆಯ ಉಪ್ಪಿನ ಏಕಸ್ವಾಮ್ಯ ಬ್ರಿಟಿಷರ ಕೈಸೇರಿತು. ಪ್ರತಿಯಾಗಿ ಗೋವಾ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಂದಾಯವಾಗಬೇಕೆಂದು ಗೊತ್ತಾಯಿತು. (ಆ ಮೊಬಲಗಿನಿಂದ ಉಪ್ಪಿನ ಗದ್ದೆಯ ಬಡವರಿಗೆ ಏನೂ ದಕ್ಕಲಿಲ್ಲ, ಅವರ ಕಸುಬು ಸೊರಗಿತು.) ಮರ್ಮಗೋವಾದಿಂದ ರೈಲು ಮಾರ್ಗ ನಿರ್ಮಿಸಿ ಬ್ರಿಟಿಷ್ ಭಾರತದ ಮಾರ್ಗಕ್ಕೆ ಜೋಡಿಸುವ ಯೋಜನೆಯೂ ಇದೇ ಒಪ್ಪಂದದ ಫಲ. ಲಂಡನ್ನಿನಲ್ಲಿ ಸ್ಥಾಪಿತವಾದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿಯು ಬಂದರದಿಂದ ಗಡಿಯವರೆಗಿನ ಸುಮಾರು 82 ಕಿ.ಮೀ. ಮಾರ್ಗವನ್ನು ನಿರ್ಮಿಸಿತು. ಬಂಡವಾಳದ ಮೇಲಿನ ಬಡ್ಡಿಗೆ ಪೋರ್ತುಗೀಸ್ ಸರಕಾರವೇ ಖಾತರಿ ನೀಡಿತ್ತು. ಗಡಿಯ ಈಚೆಗಿನ ಹೊಣೆ ಸದರ್ನ್ ಮರಾಠಾ ರೈಲ್ವೆಯದು. ಘಟ್ಟದಲ್ಲಿ ಸುಮಾರು 40 ಅಡಿಗೆ ಒಂದು ಅಡಿಯಷ್ಟು ಏರು. ಗಾಡಿಯನ್ನು ಹಿಂದಿನಿಂದ ನೂಕಲು ಹೆಚ್ಚುವರಿ ಇಂಜಿನ್ ಬೇಕಾಗುತ್ತಿತ್ತು. ಎರಡೂ ಕಡೆ ಮೀಟರ್ ಗೇಜ್ ಇದ್ದುದರಿಂದ ಗಡಿಯಲ್ಲಿ ಬೋಗಿ ಬದಲಾಯಿಸುವ ತಾಂತ್ರಿಕ ಕಾರಣವೇ ಇರಲಿಲ್ಲ. ಈ ಅನುಕೂಲ ಎಲ್ಲೆಡೆಯೂ ಸಿಗುವುದಿಲ್ಲ. ಮಂಗೋಲಿಯಾ ಮೂಲಕ ಬೀಜಿಂಗ್‌ಗೆ ಹೋಗುವ ರೈಲುಗಳ ಬೋಗಿಗಳನ್ನು ಚೀನಾದ ಗಡಿಯಲ್ಲಿ ಮೇಲೆತ್ತಿ, ಕೆಳಗಿನ ಗಾಲಿಗಳ ಚೌಕಟ್ಟನ್ನೇ ಬದಲಾಯಿಸಬೇಕಾಗುತ್ತದೆ.

ಒಪ್ಪಂದದ ಅವಧಿ 12 ವರ್ಷ. ಅದು ಜಾರಿಗೆ ಬಂದದ್ದು 1880ರಲ್ಲಿ. ಮಾರ್ಗವು ಪೂರ್ಣವಾಗಿ ತೆರೆದದ್ದು 1888ರಲ್ಲಿ. 1892ರ ಜನವರಿಯಲ್ಲಿ ಒಪ್ಪಂದ ನವೀಕರಣವಾಗದೆ ಕೊನೆಗೊಂಡಿತು. ಅಂದರೆ ಸುಂಕರಹಿತ ಗಡಿಯ ಲಾಭವನ್ನು ಈ ಮಾರ್ಗವು ಪೂರ್ಣ ರೂಪದಲ್ಲಿ ಪಡೆದದ್ದು ನಾಲ್ಕೇ ವರ್ಷ! ಬಳಿಕ ಈಚೆ ಕ್ಯಾಸಲ್ ರಾಕ್‌ನಲ್ಲಿ ಬ್ರಿಟಿಷರ ತಪಾಸಣೆ, ಘಟ್ಟದ ಕೆಳಗೆ ಕುಲೆಂ ನಿಲ್ದಾಣದಲ್ಲಿ ಪೋರ್ತುಗೀಸರ ತಪಾಸಣೆ. ಮಾರ್ಗದ ಗಳಿಕೆ ಸಾಲದೆ, ಖಾತರಿ ಬಡ್ಡಿಯ ಭಾರ ಪೋರ್ತುಗೀಸ್ ಬೊಕ್ಕಸದ ಮೇಲೆ ಬಿತ್ತು. 1902ರಲ್ಲಿ ಗೋವಾ ಭಾಗದ ನಿರ್ವಹಣೆಯೂ ಸದರ್ನ್ ಮರಾಠಾ ರೈಲ್ವೆಗೆ ವಹಿಸಲ್ಪಟ್ಟಿತು. ನಿರ್ವಹಣೆ ಒಂದೇ ಕೈಗೆ ಬಂದರೂ ಸುಂಕದ ಕಟ್ಟೆಗಳು ಎರಡಾಗಿಯೇ ಉಳಿದವು.

ಇಷ್ಟಾದರೂ ಜನ ಪ್ರಯಾಣಿಸಿದರು. ಮುಂಬಯಿಯಲ್ಲಿ ಅಡುಗೆಯವರಾಗಿ, ಸಂಗೀತಗಾರರಾಗಿ, ಹಡಗಿನ ನಾವಿಕರಾಗಿ ದುಡಿಯುತ್ತಿದ್ದ ಗೋವೆಯವರಿಗೆ, ಕರಾವಳಿಯ ಹಡಗು ಸಂಚಾರ ನಿಲ್ಲುವ ಮಳೆಗಾಲದಲ್ಲಿ, ಈ ರೈಲೇ ಆಧಾರ. ಲೋಂಡಾ, ಬೆಳಗಾವಿ, ಮೀರಜ ಮಾರ್ಗವಾಗಿ ಪುಣೆಗೆ ಹೋಗಿ, ಅಲ್ಲಿ ಬ್ರಾಡ್ ಗೇಜ್ ಗಾಡಿ ಹತ್ತುತ್ತಿದ್ದರು. ನಮ್ಮ ಘಟಪ್ರಭಾವೂ ಆ ದಾರಿಯ ಮೇಲಿನದೇ.

ಸರಕಿನ ವ್ಯಾಗನ್ ಗಡಿಯಲ್ಲಿ ಎರಡು ದಿನ ನಿಂತರೆ ಬಾಡಿಗೆ ಹೆಚ್ಚುತ್ತದೆ, ಅಷ್ಟೇ. ಪ್ರಯಾಣಿಕರ ಬೋಗಿಯೊಳಗೆ ಮಕ್ಕಳು, ಮುದುಕರು, ರೋಗಿಗಳು ಇರುತ್ತಾರೆ. ಆದ್ದರಿಂದ ಗಡಿ ವ್ಯವಸ್ಥೆಯ ಗುಣವನ್ನು ಅಳೆಯಲು ಪ್ರಯಾಣಿಕರ ಗಾಡಿಯೇ ಸರಿಯಾದ ಅಳತೆಗೋಲೆಂದು ಈ ಲೇಖಕನ ಅಭಿಪ್ರಾಯ. 2008ರ ಏಪ್ರಿಲ್ 14ರಂದು ಕೋಲ್ಕತಾ-ಢಾಕಾ ನಡುವೆ ಆರಂಭವಾದ ಮೈತ್ರಿ ಎಕ್ಸ್‌ಪ್ರೆಸ್‌ನ ಪ್ರಯಾಣಿಕರು ಗೇದೆ ಹಾಗೂ ದರ್ಶನಾ ನಿಲ್ದಾಣಗಳಲ್ಲಿ ಸಾಮಾನು ಸಮೇತ ಇಳಿದು ಗಂಟೆಗಟ್ಟಲೆ ಕಾಯಬೇಕಿತ್ತು. 2017ರ ನವೆಂಬರ್‌ನಲ್ಲಿ ತಪಾಸಣೆಯನ್ನು ಹೊರಡುವ ಮತ್ತು ತಲುಪುವ ನಿಲ್ದಾಣಗಳಿಗೇ ವರ್ಗಾಯಿಸಿದಾಗ ಈ ತೊಂದರೆ ತಪ್ಪಿತು. ಹೊಸ ಹಳಿ ಬೇಕಾಗಲಿಲ್ಲ, ಆಡಳಿತದ ಆದೇಶ ಸಾಕಾಯಿತು. ಹಾಗೆಯೇ 2024ರ ಜುಲೈಯಲ್ಲಿ ಬಾಂಗ್ಲಾದೇಶದ ಗಲಭೆಯ ಕಾಲಕ್ಕೆ ಆ ರೈಲು ನಿಂತಾಗಲೂ ಹಳಿಗೆ ಏನೂ ಆಗಿರಲಿಲ್ಲ. 1976ರಲ್ಲಿ ಆರಂಭವಾದ ಸಂಝೌತಾ ಎಕ್ಸ್‌ಪ್ರೆಸ್‌ಗೆ ಭಾರತ ಮತ್ತು ಪಾಕಿಸ್ತಾನಗಳು ಸರದಿಯಂತೆ ಬೋಗಿಗಳನ್ನು ಒದಗಿಸುತ್ತಿದ್ದವು. 2019ರ ಆಗಸ್ಟ್‌ನಲ್ಲಿ ಸೇವೆ ದಿಢೀರನೆ ಸ್ಥಗಿತಗೊಂಡಾಗ ಭಾರತದ ಕೆಲವು ಬೋಗಿಗಳು ಗಡಿಯಾಚೆ ಸಿಲುಕಿದವು. ಬೋಗಿ ಯಾರದು, ಯಾರ ನೆಲದಲ್ಲಿ ಎಷ್ಟು ದಿನ ಇರಬಹುದು, ಕೆಟ್ಟರೆ ದುರಸ್ತಿ ಯಾರದು ಎಂಬ ಪ್ರಶ್ನೆಗಳಿಗೆ ಮೊದಲೇ ಲಿಖಿತ ಉತ್ತರ ಬೇಕೆಂದು ರೈಲ್ವೆಯವರು ಹಟ ಹಿಡಿಯುವುದು ಸುಮ್ಮನೆ ಅಲ್ಲ.

ಕ್ಯಾಸಲ್ ರಾಕ್‌ನ ಗಾಡಿಯೂ ಇಂಥದೇ ನಿರ್ಧಾರದಿಂದ ನಿಂತಿತು. 1955ರ ಆಗಸ್ಟ್ 15ರಂದು ಗೋವೆಯನ್ನು ಪ್ರವೇಶಿಸಿದ ಸತ್ಯಾಗ್ರಹಿಗಳ ಮೇಲೆ ಪೋರ್ತುಗೀಸರು ಗುಂಡು ಹಾರಿಸಿದ ಬಳಿಕ ಭಾರತ ಸರಕಾರವು ಗಡಿಯನ್ನು ಮುಚ್ಚಿ ರೈಲು ಸಂಪರ್ಕವನ್ನು ಕಡಿದುಹಾಕಿತು. ರಾಷ್ಟ್ರದ ದೃಷ್ಟಿಯಿಂದ ಆ ಕ್ರಮ ಅನಿವಾರ್ಯವಾಗಿತ್ತು; ಅದರ ಬೆಲೆ ತೆತ್ತವರಲ್ಲಿ ಗಡಿಯ ಎರಡೂ ಕಡೆ ನೆಂಟರನ್ನು ಹೊಂದಿದ್ದ ಕುಟುಂಬಗಳಿದ್ದವು, ಬಂದರವನ್ನು ನಂಬಿದ್ದ ವ್ಯಾಪಾರಿಗಳೂ ಇದ್ದರು. ಪೋರ್ತುಗೀಸರು ಅದೇ ವರ್ಷ ದಾಬೋಳಿಯಲ್ಲಿ ವಿಮಾನ ನಿಲ್ದಾಣ ತೆರೆದು ಸ್ವಂತ ವಿಮಾನ ಸೇವೆ ಆರಂಭಿಸಿದರು.

1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. 1962ರಲ್ಲಿ ಅದೇ ಮೀಟರ್ ಗೇಜ್ ಮಾರ್ಗದ ಮೇಲೆ, ಅದೇ ಘಟ್ಟದಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದವು. ಕ್ಯಾಸಲ್ ರಾಕ್‌ನಲ್ಲಿ ಪ್ರಯಾಣಿಕರ ಪೆಟ್ಟಿಗೆ ತೆರೆಸುವ ಕೆಲಸ ಮಾತ್ರ ಯಾರಿಗೂ ಉಳಿದಿರಲಿಲ್ಲ.