ನಿಮಗಿದು ಗೊತ್ತೇ? ಸಬ್‌ವೂಫರ್‌ನ ‘ಗುಂಯ್’ ಸದ್ದಿಗೂ ರಾಯಚೂರಿಗೂ ನಂಟಿದೆ

ಮನೆಯ ಕೋಣೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡವರಿಗೆ ಎಷ್ಟೋ ಸಲ ಮೊದಲ ದಿನ ಕೇಳಿಸುವುದು ಹಾಡಲ್ಲ, ‘ಗುಂಯ್’ ಎನ್ನುವ ಸದ್ದು. ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಓಡುವ ಮುನ್ನ ಇಷ್ಟು ಓದಿ. ಸದ್ದಿನ ಮೂಲ ಸ್ಪೀಕರ್ ಅಲ್ಲ, ಮನೆಯ ಕರೆಂಟು; ಹಾಗಾಗಿ ತಿರುವನಂತಪುರದ ಪಟ್ಟಂನಿಂದಲೇ ಶುರುಮಾಡೋಣ. ಕೇರಳ ವಿದ್ಯುತ್ ಮಂಡಳಿಯ ಕೇಂದ್ರ ಕಚೇರಿ ‘ವೈದ್ಯುತಿ ಭವನಂ’ ಇರುವುದು ಅಲ್ಲೇ.

● ಆ ಗುಂಯ್ ಸದ್ದಿಗೂ ಒಂದು ಶ್ರುತಿಯಿದೆ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ, ಅದೇ 50 ಹರ್ಟ್ಸ್. ಅಮೆರಿಕದಲ್ಲಿ ಇದು 60. ಸಣ್ಣ ಸ್ಪೀಕರ್‌ಗಳಿಗೆ ಅಷ್ಟು ತಗ್ಗಿನ ಸ್ವರ ನುಡಿಸಲು ಬರುವುದಿಲ್ಲ, ಹಾಗಾಗಿ ದೋಷ ವರ್ಷಗಟ್ಟಲೆ ಅಡಗಿರುತ್ತದೆ. ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಅಂದರೆ ಸಬ್‌ವೂಫರ್, ಬಂದ ದಿನವೇ ಅದು ಬಯಲಾಗುತ್ತದೆ. ತಪ್ಪು ಸಬ್‌ವೂಫರ್‌ನದಲ್ಲ.

● 2013ರ ಡಿಸೆಂಬರ್ 31ಕ್ಕೆ ಮುಂಚೆ ಪಟ್ಟಂನ ಗುಂಯ್‌ಗೂ ದಿಲ್ಲಿಯ ಗುಂಯ್‌ಗೂ ತಾಳಮೇಳ ಇರಲಿಲ್ಲ! ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರಗಳ ದಕ್ಷಿಣ ಗ್ರಿಡ್ ಆಗ ತನ್ನದೇ ಲಯದಲ್ಲಿ ಪ್ರತ್ಯೇಕವಾಗಿ ನಡೆಯುತ್ತಿತ್ತು. ಅಂದು ನಮ್ಮ ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ ಎಳೆದ 765 ಕಿಲೊವೋಲ್ಟ್ ತಂತಿಮಾರ್ಗ ಚಾಲೂ ಆಯಿತು. ದಕ್ಷಿಣ ಗ್ರಿಡ್ ಉಳಿದ ಭಾರತದ ಗ್ರಿಡ್‌ನೊಂದಿಗೆ ಹೆಜ್ಜೆ ಕೂಡಿಸಿತು. ಇಂದು ಕೊಚ್ಚಿಯ ಕೋಣೆಯಲ್ಲಿ ಕೇಳುವ ಗುಂಯ್, ಬೆಂಗಳೂರಿನದು, ಲಖನೌದ್ದು ಎಲ್ಲವೂ ಒಂದೇ ಶ್ರುತಿಯಲ್ಲಿವೆ. ಒಂದು ಹಿಡಿ ತಂತಿ ಜೋಡಿಸುವ ಕೆಲಸದ ಹಿಂದೆ ಇಷ್ಟು ದೊಡ್ಡ ದೇಶ ನಿಂತಿದೆ ಎಂಬುದು ನನಗೆ ಈಗಲೂ ರೋಮಾಂಚನದ ಸಂಗತಿ.

● ಸದ್ದು ಒಳಗೆ ನುಗ್ಗುವ ದಾರಿ ಯಾವುದು? ಹೆಚ್ಚಿನ ಸಲ ‘ಅರ್ತ್ ಲೂಪ್’. ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಸಬ್‌ವೂಫರ್ ಎದುರು ಗೋಡೆಯದರಲ್ಲಿ ಎಂದುಕೊಳ್ಳಿ. ಎರಡಕ್ಕೂ ಅರ್ತ್ ಇದೆ, ನಡುವೆ ಆಡಿಯೊ ಕೇಬಲ್‌ನ ಹೊರಕವಚವೂ ಸೇರಿ ಒಂದು ದೊಡ್ಡ ಬಳೆ ಆಗುತ್ತದೆ. ಆ ಬಳೆಯಲ್ಲಿ ಹರಿಯುವ ಪುಟ್ಟ ವಿದ್ಯುತ್ತೇ ನಮ್ಮ ಕಿವಿಗೆ ಗುಂಯ್. ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತನ್ನಿ, ಬಳೆ ಚಿಕ್ಕದಾಗುತ್ತದೆ. ಹೊರೆಯ ಚಿಂತೆ ಬೇಡ. 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ 1380 ವಾಟ್‌ವರೆಗೆ ಕೊಡಬಲ್ಲದು. ಪುಟ್ಟ ಸ್ಟುಡಿಯೊಗೆ ಅಷ್ಟು ಬೇಕಾಗುವುದೇ ಇಲ್ಲ.

● ಗುಂಯ್ ಅಲ್ಲದೆ ‘ಝೀ’ ಎಂದು ಕೊರೆಯುತ್ತಿದ್ದರೆ ಮೊದಲು ಫ್ಯಾನ್ ಆರಿಸಿ ನೋಡಿ. ತಿರುಗಿಸುವ ಗುಂಡಿಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ವಿದ್ಯುತ್ತಿನ ಅಲೆಯನ್ನು ನಡುವೆ ಕತ್ತರಿಸಿ ವೇಗ ತಗ್ಗಿಸುತ್ತವೆ, ಆ ಕತ್ತರಿಯ ಸದ್ದು ಕೇಬಲ್ ಹತ್ತುತ್ತದೆ. ಕೆಪಾಸಿಟರ್ ಬಳಸುವ ಹಂತಹಂತದ ರೆಗ್ಯುಲೇಟರ್‌ಗಳಲ್ಲಿ ಈ ಕಾಟ ಕಡಿಮೆ. ಕರೆಂಟ್ ಹೋದಾಗ ಮಾತ್ರ ಝೀಗುಟ್ಟುತ್ತದೆಯೇ? ನಿಮ್ಮ ಇನ್ವರ್ಟರ್ ಬಹುಶಃ ಚೌಕ ಅಲೆಯದು. ಶುದ್ಧ ಸೈನ್ ಅಲೆಯದು ಬೇಕು.

● ಪವರ್ಡ್ ಸ್ಪೀಕರ್ ಎಂದರೆ ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇರುವ ಸ್ಪೀಕರ್. ಅದಕ್ಕೆ ಬೇರೊಂದು ಆಂಪ್ಲಿಫೈಯರ್‌ನ ಸ್ಪೀಕರ್ ತಂತಿ ತಂದು ಚುಚ್ಚಿದರೆ ಸುಟ್ಟೇ ಹೋಗಬಹುದು.

● ಜೋಡಿಸುವ ಕ್ರಮ ಹೀಗೆ: ಆಡಿಯೊ ಇಂಟರ್‌ಫೇಸ್‌ನ (ಕಂಪ್ಯೂಟರಿನ ಸದ್ದನ್ನು ಹೊರಗೆ ಕೊಡುವ ಪೆಟ್ಟಿಗೆಯ) ಎಡ, ಬಲ ಔಟ್‌ಪುಟ್‌ಗಳು ಮೊದಲು ಸಬ್‌ವೂಫರ್‌ಗೆ, ಸಬ್‌ವೂಫರ್‌ನ ಔಟ್‌ಪುಟ್‌ಗಳಿಂದ ಎರಡು ಸ್ಪೀಕರ್‌ಗಳಿಗೆ. ಸಬ್‌ವೂಫರ್ ಒಳಗಿನ ಕ್ರಾಸ್‌ಓವರ್ ಸಾಮಾನ್ಯವಾಗಿ 80 ಹರ್ಟ್ಸ್ ಕೆಳಗಿನದನ್ನು ತಾನಿಟ್ಟುಕೊಂಡು ಮೇಲಿನದನ್ನು ಮುಂದೆ ಕಳಿಸುತ್ತದೆ. ಸಣ್ಣ ಸ್ಪೀಕರ್‌ಗಳ ಹೆಗಲಿನ ಹೊರೆ ಇಳಿಯುತ್ತದೆ, ಅವುಗಳ ದನಿ ತಿಳಿಯಾಗುತ್ತದೆ. ಇಂಟರ್‌ಫೇಸ್‌ನಿಂದ ಕವಲೊಡೆಸಿ ಸಬ್‌ವೂಫರ್‌ಗೂ ಸ್ಪೀಕರ್‌ಗಳಿಗೂ ಬೇರೆಬೇರೆ ಕೊಡುವವರಿದ್ದಾರೆ. ಹಾಗೆ ಮಾಡಿದರೆ ಒಂದೇ ಖರ್ಜ (ತಗ್ಗಿನ ಸ್ವರ) ಎರಡು ಕಡೆಯಿಂದ ಬಂದು ಕೆಸರಾಗುತ್ತದೆ.

● 80 ಹರ್ಟ್ಸ್ ಎಂದರೆ ಎಷ್ಟು ತಗ್ಗು? ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85 ಹರ್ಟ್ಸ್‌ನಿಂದ ಮೇಲೆಯೇ ಶುರು. ಅಲ್ಲಿ ಸಬ್‌ವೂಫರ್‌ಗೆ ಕೆಲಸ ಕಡಿಮೆ. ಹಾಗಾಗಿ ಕಾಸರಗೋಡಿನ ಕಡೆ ಮನೆಯಲ್ಲಿ ಭಾಗವತಿಕೆ, ಚೆಂಡೆ ಧ್ವನಿಮುದ್ರಿಸಿಕೊಳ್ಳುವ ಗೆಳೆಯರೇ, ಸಬ್‌ವೂಫರ್‌ಗಿಂತ ಮೊದಲು ಒಳ್ಳೆಯ ಮೈಕ್ ತನ್ನಿ.

● ಆಡಿಯೊ ಕೇಬಲ್‌ಗಳ ಎರಡು ಬಗೆಯ ಜಾಕ್‌ಗಳು ನೋಡಲು ಅವಳಿಜವಳಿ, ಎರಡೂ 6.35 ಮಿಲಿಮೀಟರ್ ದಪ್ಪ. ಆದರೆ ಒಂದಕ್ಕೆ ಕಪ್ಪು ಉಂಗುರ ಒಂದು, ಇನ್ನೊಂದಕ್ಕೆ ಎರಡು. ಎರಡು ಉಂಗುರದ್ದೇ ಬ್ಯಾಲೆನ್ಸ್ಡ್ ಕೇಬಲ್‌ನ ಜಾಕ್. ಅದರೊಳಗೆ ಸಂಗೀತ ಎರಡು ತಂತಿಗಳಲ್ಲಿ ಹೋಗುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ದಾರಿಯಲ್ಲಿ ಹತ್ತುವ ಗದ್ದಲ ಮಾತ್ರ ಎರಡರ ಮೇಲೂ ಒಂದೇ ಥರ ಕೂರುತ್ತದೆ. ಸ್ಪೀಕರ್ ಎರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡಾಗ ಗದ್ದಲ ಗದ್ದಲವನ್ನೇ ನುಂಗುತ್ತದೆ, ಹಾಡು ಉಳಿಯುತ್ತದೆ. ಇದಕ್ಕಿಂತ ಸುಂದರವಾದ ಉಪಾಯ ಧ್ವನಿವಿದ್ಯೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಗದ್ದಲ ತಗ್ಗಿಸಲು ತಂತಿಗಳನ್ನು ಜೋಡಿಯಾಗಿ ಹೊಸೆಯುವ ವಿಧಾನಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಆ ಜಾಕ್ ಕೂಡ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಂದಲೇ ಬಂದದ್ದು.

● ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಬೆಸುಗೆ ಹಾಕುವವರಿಗೆ: 1ನೇ ಪಿನ್ ಕವಚ, 2 ನೇರ, 3 ತಲೆಕೆಳಗು. ಒಂದು ಬದಿಯಲ್ಲಿ 2, 3 ಅದಲುಬದಲಾದರೆ ಎಡ ಬಲ ಸ್ಪೀಕರ್‌ಗಳು ಒಂದನ್ನೊಂದು ಅಳಿಸುತ್ತವೆ. ಹಾಡುಗಾರನ ದನಿ ನಡುವಿನಿಂದ ಮಾಯ.

● ಕರೆಂಟಿನ ತಂತಿ, ಆಡಿಯೊ ತಂತಿ ಜೊತೆಜೊತೆಗೆ ಹಾಯಬಾರದು. ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಿಸಿ.

● ಸಬ್‌ವೂಫರ್‌ಗೆ ಜಾಗ ಹುಡುಕಲು ನೀವು ತೆವಳಬೇಕು! ನೀವು ಕೂರುವ ಕುರ್ಚಿಯ ಮೇಲೆ ಸಬ್‌ವೂಫರ್ ಇಟ್ಟು, ಖರ್ಜ ತುಂಬಿದ ಹಾಡು ಹಾಕಿ, ನೆಲದ ಮೇಲೆ ಅಂಬೆಗಾಲಿಡುತ್ತ ಕೇಳಿ. ಎಲ್ಲಿ ಖರ್ಜ ಸಮನಾಗಿ ಕೇಳುತ್ತದೋ ಅಲ್ಲೇ ಅದರ ಜಾಗ. ಇಷ್ಟು ಕಷ್ಟ ಏಕೆ? ಪಟ್ಟಂನ 30 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 50 ಹರ್ಟ್ಸ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಕೋಣೆ ಮೂರೂವರೆ ಮೀಟರ್ ಇದ್ದರೆ ಅದರಲ್ಲಿ ಸರಿಯಾಗಿ ಅರ್ಧ ಅಲೆ ಹಿಡಿಯುತ್ತದೆ, ಗೋಡೆಗಳ ಬಳಿ ಉಬ್ಬುತ್ತದೆ, ನಡುವೆ ಮಾಯವಾಗುತ್ತದೆ. ಅಂಥ ಕೋಣೆಯಲ್ಲಿ ಕರೆಂಟಿನ ಗುಂಯ್‌ಗೂ ಗೋಡೆಗಳೇ ದನಿಗೂಡಿಸುತ್ತವೆ.

● ಕೋಣೆಯೂ ಹಾಡಿಗೆ ದನಿಗೂಡಿಸುತ್ತದೆ ಎಂಬುದು ತಿರುವನಂತಪುರದ ಹಿರಿಯರಿಗೆ ಮೈಕ್ ಬರುವ ಮುಂಚೆಯೇ ಗೊತ್ತಿತ್ತು. ಪದ್ಮನಾಭಸ್ವಾಮಿ ದೇವಸ್ಥಾನದ ಪಕ್ಕದ ನವರಾತ್ರಿ ಮಂಟಪದ ಚಾವಣಿಯಿಂದ ಮಣ್ಣಿನ ಗಡಿಗೆಗಳನ್ನು ಬೋರಲಾಗಿ ತೂಗುಹಾಕಿದ್ದಾರೆ, ನಾದ ಹದವಾಗಲೆಂದು. ನವರಾತ್ರಿಯಲ್ಲಿ ಅಲ್ಲಿ ಹಾಡುವುದು ಸ್ವಾತಿ ತಿರುನಾಳ್ ಮಹಾರಾಜರ ಕೃತಿಗಳನ್ನು. ಅವರು ಕನ್ನಡದಲ್ಲೂ ರಚಿಸಿದ್ದಾರೆ.

● ಗಾಯಕ ಕೆ.ಜೆ. ಯೇಸುದಾಸ್ ಇದೇ ಊರಿನಲ್ಲಿ 1980ರಲ್ಲಿ ತರಂಗಿಣಿ ಸ್ಟುಡಿಯೊ ಕಟ್ಟಿದರು. ಅತ್ತ ಬೆಂಗಳೂರಿನಲ್ಲಿ ಶಂಕರ್ ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದರು. ಹಾಡು ಮುದ್ರಿಸಲು ಮದರಾಸಿಗೆ ರೈಲು ಹತ್ತಬೇಕಿದ್ದ ದಿನಗಳವು. ಇಂದು ಆ ಕೆಲಸದ ಬಹುಪಾಲು ಒಂದು ಮೇಜಿನ ಮೇಲೆ ಆಗುತ್ತದೆ. ಇನ್ನೊಂದು ಮಾತು: 2009ರಲ್ಲಿ ಧ್ವನಿ ಮಿಶ್ರಣಕ್ಕೆ ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಕೊಲ್ಲಂ ಜಿಲ್ಲೆಯ ವಿಳಕ್ಕುಪಾರದವರು. ಅವರ ಬಾಲ್ಯದಲ್ಲಿ ಆ ಊರಿಗೆ ಕರೆಂಟೇ ಇರಲಿಲ್ಲ.

● 50 ವಾಟ್ ಬದಲು 100 ವಾಟ್‌ನ ಸ್ಪೀಕರ್ ತಂದರೆ ಸದ್ದು ಎರಡರಷ್ಟಾಗದು, ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಅನಿಸಲು ಸುಮಾರು 10 ಡೆಸಿಬೆಲ್ ಬೇಕು.

● ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶದಲ್ಲಿ ಕಾನೂನಿನ ಮಿತಿ 45 ಡೆಸಿಬೆಲ್. ಖರ್ಜ ಗೋಡೆ ದಾಟಿ ಹೋಗುತ್ತದೆ; ರಾತ್ರಿ ಹೆಡ್‌ಫೋನ್ ಹಾಕಿಕೊಳ್ಳಿ.

● ಪವರ್ಡ್ ಸ್ಪೀಕರ್‌ನಲ್ಲಿ ಮೊದಲು ಮುದಿಯಾಗುವ ಬಿಡಿಭಾಗಗಳಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಂದು. ಬಿಸಿ 10 ಡಿಗ್ರಿ ಏರಿದರೆ ಅದರ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಸ್ಪೀಕರ್ ಬೆನ್ನಿಗೆ ಗೋಡೆ ತಾಗಿಸಬೇಡಿ, ಗಾಳಿಯಾಡಲಿ. ಅಂದಹಾಗೆ, ಈ ಕೆಪಾಸಿಟರ್‌ಗಳನ್ನು ಕೇರಳ ಸರ್ಕಾರದ ಕಂಪನಿ ಕೆಲ್ಟ್ರಾನ್ ಕಣ್ಣೂರಿನಲ್ಲೇ ತಯಾರಿಸುತ್ತದೆ.

● ಕೊಚ್ಚಿ, ಮಂಗಳೂರಿನ ಉಪ್ಪುಗಾಳಿ ಜಾಕ್‌ಗಳಿಗೆ ಕಿಲುಬು ಹಿಡಿಸುತ್ತದೆ. ಕರಕರ ಸದ್ದು ಬಂದರೆ ಸ್ವಿಚ್ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ನೋಡಿ.

● ಹೊತ್ತಿಸುವಾಗ ಸ್ಪೀಕರ್ ಕೊನೆಗೆ, ಆರಿಸುವಾಗ ಸ್ಪೀಕರ್ ಮೊದಲು. ‘ಢಬ್’ ಎಂಬ ಪೆಟ್ಟು ತಪ್ಪುತ್ತದೆ.

● ಕೇರಳದಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ಮತ್ತು ತುಲಾವರ್ಷದ (ಹಿಂಗಾರಿನ) ಅಕ್ಟೋಬರ್, ನವೆಂಬರ್ ಮಧ್ಯಾಹ್ನಗಳು ಗುಡುಗಿನವು. ಆಕಾಶ ಕಪ್ಪಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಇಂಟರ್‌ನೆಟ್ಟಿನ ತಾಮ್ರದ ತಂತಿಯನ್ನೂ ಕಂಪ್ಯೂಟರಿನಿಂದ ಬಿಡಿಸಿ, ಸಿಡಿಲು ಅದರಲ್ಲೂ ಬರುತ್ತದೆ.

● ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ಪಿನ್ ಉದ್ದ, ದಪ್ಪ. ಬೇರೆರಡಕ್ಕಿಂತ ಮೊದಲು ಅರ್ತ್ ತಾಗಲಿ, ಕೊನೆಗೆ ಬಿಡಲಿ ಎಂದೇ ಹಾಗೆ ಮಾಡಿದ್ದಾರೆ. ಗುಂಯ್ ನಿಲ್ಲಿಸಲು ಆ ಪಿನ್ ಮುರಿಯುವುದೊಂದು ಕೆಟ್ಟ ಚಾಳಿ. ಗುಂಯ್ ನಿಲ್ಲುತ್ತದೆ ನಿಜ, ಆದರೆ ಒಳಗೆ ತಂತಿ ಸಡಿಲಾಗಿ ಲೋಹದ ಮೈಗೆ ತಾಗಿದರೆ 230 ವೋಲ್ಟ್ ಹಾಯುವುದು ಮೈಕ್ ಹಿಡಿದ ಕೈಗೆ, ಗಿಟಾರ್ ತಂತಿಯ ಮೇಲಿನ ಬೆರಳಿಗೆ. ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಅದೂ ಸಾಲದಿದ್ದರೆ ಆಡಿಯೊ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡಿ. ಅರ್ತ್ ಪಿನ್ ಮುರಿದ ಪ್ಲಗ್ ನಿಮ್ಮ ಕೋಣೆಯಲ್ಲಿದ್ದರೆ ದಯವಿಟ್ಟು ಇವತ್ತೇ ಬದಲಿಸಿ.